ನನ್ನ ಪಾಲಿನ ಗಿಡದ ಪಟ್ಟಿ

ಅವ್ವ ತೀರಿಕೊಳ್ಳುವ ಮುಂಚೆ ಹಳ್ಳದ ದಂಡೆಗುಂಟ ಗಿಡ ಬೆಳೆದ ನೆಲದ ಪಟ್ಟಿಯನ್ನು ಎರಡು ಪಾಲು ಮಾಡಿ, ಮೇಲಿನದನ್ನು ಅಣ್ಣನಿಗೂ ಕೆಳಗಿನದನ್ನು ನನಗೂ ಬರೆದುಕೊಟ್ಟಿದ್ದಳು. ನಮ್ಮೂರು ನಾಲತವಾಡದಿಂದ ಸ್ವಲ್ಪ ದೂರ. ಸುತ್ತಲೂ ಬಯಲು, ಎರೆ ಹೊಲ. ಬೇವು, ಜಾಲಿ, ಬನ್ನಿ, ಹೊಂಗೆ ಒತ್ತೊತ್ತಾಗಿ ಬೆಳೆದು ಸಣ್ಣ ಕಾಡಿನಂತೆ ಕಾಣುತ್ತಿದ್ದುದು ಅದೊಂದೇ ಜಾಗ. ನಾನು ಬಸವನ ಬಾಗೇವಾಡಿಯ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ಹೊಲ ನೋಡಿಕೊಳ್ಳುವವನು ಅಣ್ಣ.

ಮೂರು ವರ್ಷದ ಹಿಂದೆ ಅವನು ತನ್ನ ಪಾಲಿನ ಗಿಡಗಳನ್ನೆಲ್ಲ ಕಡಿಸಲು ಹೊರಟ. ನಾನು ಬೇಡವೆಂದೆ. ಬೇರು ಆಳದಿಂದ ಹೀರಿದ ಸಾರ ಎಲೆಗೆ ಬರುತ್ತದೆ, ಉದುರಿದ ಎಲೆ ಕೊಳೆತು ಮತ್ತೆ ಮಣ್ಣಿಗೇ ಸೇರುತ್ತದೆ, ಗಿಡ ಹೋದರೆ ಆ ಸುತ್ತು ಅಲ್ಲಿಗೇ ನಿಂತುಹೋಗುತ್ತದೆ ಎಂದು ಬಿಡಿಸಿ ಹೇಳಿದೆ.

“ಅದನ್ನ ನಿನ್ನ ಸಾಲಿ ಹುಡುಗರಿಗಿ ಹೇಳವಾ,” ಎಂದ. ಗಿಡಗಳು ಬಿದ್ದವು.

ಆ ವರ್ಷ ಅಲ್ಲಿ ಹಾಕಿದ ತೊಗರಿ ಅವನ ತಲೆ ಮೀರಿ ಬೆಳೆಯಿತು. ನೋಡಲು ನನ್ನನ್ನು ಕರೆಸಿದ. ನೆಂಟರೆದುರೇ, “ಎಲ್ಲಿ ಹೋತು ನಿನ್ನ ಸುತ್ತು?” ಎಂದು ನಕ್ಕ. ಮರುವಾರ ತರಗತಿಯಲ್ಲಿ ಅದೇ ಪಾಠ ಬಂತು. ಬೋರ್ಡಿನ ಮೇಲೆ ಎಲೆಯಿಂದ ಮಣ್ಣಿಗೆ ಬಾಣದ ಗುರುತು ಎಳೆಯುತ್ತಿದ್ದ ಕೈ ಅರ್ಧಕ್ಕೇ ನಿಂತಿತು. ಇಷ್ಟು ವರ್ಷ ಹೇಳಿಕೊಟ್ಟಿದ್ದನ್ನು ನಾನೇ ನಂಬುವುದಿಲ್ಲವೇ ಎಂದು ಹೆದರಿಕೆಯಾಯಿತು.

ಎಷ್ಟೋ ಕಾಲದಿಂದ ಉದುರಿದ ಎಲೆಗಳು ಕೂಡಿಟ್ಟಿದ್ದ ಸಾರ ಆ ವರ್ಷ ಒಮ್ಮೆಗೇ ಬೆಳೆಗೆ ಸಿಕ್ಕಿತ್ತು, ಅಷ್ಟೇ. ಅದು ನನಗೆ ತಿಳಿದದ್ದು ಆಮೇಲೆ. ಎರಡನೆಯ ವರ್ಷ ಬೆಳೆ ಸಾಧಾರಣವಾಯಿತು. ಮೂರನೆಯ ವರ್ಷ ಜೋರು ಮಳೆ. ತಡೆಯಲು ಬೇರಿಲ್ಲ, ಹಿಡಿದಿಡಲು ತರಗೆಲೆಯ ಹಾಸಿಲ್ಲ. ಮೇಲ್ಮಣ್ಣೆಲ್ಲ ಕರ್ರಗೆ ಹಳ್ಳಕ್ಕೆ ಇಳಿಯಿತು. ತೊಗರಿ ಮೊಣಕಾಲೆತ್ತರದಲ್ಲೇ ಹಳದಿಯಾಯಿತು. ಅಣ್ಣ ರಾಸಾಯನಿಕ ಗೊಬ್ಬರ ಚೆಲ್ಲಿದ. ನಾಲ್ಕು ದಿನ ಹಸಿರು ಕಂಡು, ಮುಂದಿನ ಮಳೆಗೆ ಅದೂ ತೊಳೆದುಹೋಯಿತು.

ಈ ಬೇಸಿಗೆಯಲ್ಲಿ ಅವನು ಬಾಗೇವಾಡಿಗೆ ನನ್ನ ಮನೆಗೆ ಬಂದ. ಚಹಾ ಮುಟ್ಟಲಿಲ್ಲ.

“ನಿನ್ನ ಪಾಲಿನ ಗಿಡಾನೂ ತಗಸೂಣು. ಅಲ್ಲಿ ಮಣ್ಣು ಭಾಳ ಛಲೋ ಐತಿ.”

“ಗಿಡ ಅದಾವಂತನ ಛಲೋ ಐತಣ್ಣಾ. ನಾ ಒಪ್ಪಂಗಿಲ್ಲ.”

ಅವನು ಎದ್ದು ಚಪ್ಪಲಿ ಮೆಟ್ಟಿ ಹೊರಟುಹೋದ.

ಮುಂದಿನ ಸೋಮವಾರ ಬೆಳಿಗ್ಗೆ ಅಣ್ಣನ ಹೆಂಡತಿ, ನನ್ನ ವೈನಿಯ ಫೋನು. ದನಿ ತಗ್ಗಿಸಿ, “ಲಗೂ ಬಾರವಾ, ಗಿಡ ಕಡಿಯೋ ಮಂದಿ ಬಂದಾರ,” ಎಂದಳು. ಸಿಕ್ಕ ಬಸ್ಸು ಹತ್ತಿದೆ. ಅದು ಪ್ರತಿ ಊರಿನಲ್ಲೂ ನಿಲ್ಲುತ್ತಿತ್ತು. ಇಳಿದು ಹೊಲದ ದಾರಿ ಹಿಡಿದಾಗ ಗರಗಸದ ಯಂತ್ರದ ಸದ್ದು ಕೇಳಿಸಿತು. ಸೀರೆ ಎತ್ತಿ ಕಟ್ಟಿ ಓಡಿದೆ. ಮೂರು ಜಾಲಿ ಆಗಲೇ ಉರುಳಿದ್ದವು. ಯಂತ್ರ ಹಿಡಿದವನು ದೊಡ್ಡ ಬೇವಿನ ಕಡೆ ತಿರುಗಿದ್ದ. ನಾನು ಹೋಗಿ ಆ ಗಿಡಕ್ಕೆ ಬೆನ್ನು ಹಚ್ಚಿ ನಿಂತೆ. ಅವನು ಗಾಬರಿಯಾಗಿ ಯಂತ್ರ ಆರಿಸಿದ.

“ಸರಿ ಅತ್ತಾಗ!” ಅಣ್ಣ ಕೂಗಿದ.

“ಸರಿಯಂಗಿಲ್ಲ. ಇದು ನನ್ನ ಪಾಲಿಂದು.”

ಅವನು ನನ್ನ ರಟ್ಟೆ ಹಿಡಿದು ಎಳೆದ. ಚಿಕ್ಕಂದಿನಲ್ಲೂ ಅವನು ನನ್ನ ಮೇಲೆ ಕೈ ಮಾಡಿದವನಲ್ಲ. ನಾನು ಕೊಸರಿಕೊಂಡು, ಅಲ್ಲೇ ಬಿದ್ದಿದ್ದ ಸಲಿಕೆ ಎತ್ತಿ ಬೇವಿನ ಬುಡದಲ್ಲಿ ಅಗೆದೆ. ಬಿಸಿಲಲ್ಲೂ ತಂಪಾಗಿದ್ದ ಮಣ್ಣು ಪುಡಿಪುಡಿಯಾಗಿ ಎದ್ದಿತು. ಅದನ್ನು ಅವನ ಮುಂದೆ ಹಿಡಿದೆ.

“ಇದನ್ನ ನೀ ಹಾಕಿಲ್ಲ, ನಾನೂ ಹಾಕಿಲ್ಲ. ಗಿಡಾನ ಹಾಕ್ಯಾವು. ಎರಡ ವರ್ಷಕ್ಕ ಇದೂ ತೀರತೈತಿ. ಆಮ್ಯಾಲ ಎಲ್ಲಿ ಕಡೀತಿ?”

ಅವನ ಮುಷ್ಟಿ ಬಿಗಿದಿತ್ತು. ಆಗ ಅಷ್ಟು ಹೊತ್ತು ಒಡ್ಡಿನ ಮೇಲೆ ನಿಂತಿದ್ದ ವೈನಿ ಕೆಳಗಿಳಿದು ಬಂದಳು.

“ಒಂದ ಮಾತ ಕೇಳ್ರಿ,” ಎಂದಳು. “ಹೋದ ವರ್ಷ ಹೊಲದಾಗ ಮೂಡಲ ಮೂಲಿ ಒಂದ ಯಾಕ ಹಸರ ಐತಿ ಅಂತ ದಿನಾ ಕೇಳತಿದ್ರಲ್ಲ. ಗೊಬ್ಬರದ್ದ ಗುಣ ಅಂತ ನೀವ ಹೇಳಿದ್ರಿ. ಅಲ್ಲಿ ನಾ ಇದ ಪಟ್ಟ್ಯಾಗಿನ ಎಲಿ ಬುಟ್ಟೀಲೆ ಹೊತ್ತ ಹಾಕೇನ್ರಿ. ಎರಡ ವರ್ಷ ಆತು.”

“ನನಗ್ಯಾಕ ಹೇಳಲಿಲ್ಲ?”

“ಹೇಳಿದ್ರ ಕೇಳತಿದ್ರೇನು?”

ಅಣ್ಣ ನಿಧಾನಕ್ಕೆ ತನ್ನ ಹೊಲದ ಮೂಡಲ ಮೂಲೆಗೆ ನಡೆದುಹೋಗಿ, ಕುಕ್ಕರಗಾಲಲ್ಲಿ ಕೂತು ಮಣ್ಣು ಕೆದರಿದ. ಬಹಳ ಹೊತ್ತು ಏಳಲಿಲ್ಲ. ಯಂತ್ರದವರು ಬೀಡಿ ಹಚ್ಚಿದರು. ತಿರುಗಿ ಬಂದವನು ನಮ್ಮಿಬ್ಬರತ್ತ ನೋಡದೆ ಅವರಿಗೆ, “ಹೋಗ್ರಿ ನೀವು, ಇವತ್ತ ಕೆಲಸ ಇಲ್ಲ,” ಎಂದ.

ನನ್ನ ರಟ್ಟೆಯ ಮೇಲೆ ಅವನ ಬೆರಳಿನ ಗುರುತು ವಾರದತನಕ ಇತ್ತು. ಅವನಿನ್ನೂ ನನ್ನ ಜೊತೆ ಮಾತಾಡಿಲ್ಲ. ನಾನಾಗಿ ಫೋನು ಮಾಡುವಷ್ಟು ಮನಸ್ಸು ನನಗೂ ತಿಳಿಯಾಗಿಲ್ಲ. ಮುಂಗಾರು ಬಿತ್ತನೆ ಮುಗಿದ ಮೇಲೆ ವೈನಿ ಒಂದು ಸುದ್ದಿ ಹೇಳಿದಳು: ತನ್ನ ಪಾಲಿನಲ್ಲಿ ಹಳ್ಳದ ಬದಿಗೆ ಎಂಟು ಹೆಜ್ಜೆಯಗಲ ಜಾಗ ಅವನು ಹರಗದೆ, ಬಿತ್ತದೆ ಬಿಟ್ಟಿದ್ದಾನಂತೆ, ಅಲ್ಲಿ ತಾವಾಗಿಯೇ ಎದ್ದ ಹೊಂಗೆ ಸಸಿಗಳಿಗೆ ಆಡು ಬಾಯಿ ಹಾಕದಂತೆ ಮುಳ್ಳು ಹಚ್ಚಿದ್ದಾನಂತೆ. ಯಾಕೆಂದು ಅವಳು ಕೇಳಿಲ್ಲ. ಕೇಳಬೇಡ ಎಂದು ನಾನೂ ಹೇಳಿದೆ.