ಟೇಪಿನ ಸುರುಳಿಗೆ ಎರಡು ಕುಂಕುಮ

ನನ್ನ ನಿಶ್ಚಯಕ್ಕೆ ಎಂಟು ದಿನ ಇರುವಾಗ ಅಜ್ಜಿ ಟೇಪ್ ರೆಕಾರ್ಡರಿಗೆ ಆಯುಧಪೂಜೆ ಮಾಡಿದಳು. ಅರಿಶಿನ, ಕುಂಕುಮ, ಹೂವು ಎಲ್ಲ ಆದ ಮೇಲೆ ಕಾಯಿ ಒಡೆದು, ಆ ನೀರನ್ನು ಭಕ್ತಿಯಿಂದ ಅದರ ಕಿಂಡಿಗಳೊಳಕ್ಕೇ ಚಿಮುಕಿಸಿದಳು. ಎಪ್ಪತ್ತರ ದಶಕದಲ್ಲಿ ನಮ್ಮೂರು ತಾಳ್ಯದಲ್ಲಿ ಅಂಥ ಮಿಷನ್ ಇದ್ದದ್ದು ನಮ್ಮ ಮನೆಯಲ್ಲಿ ಮಾತ್ರ. ಅದು ಒಮ್ಮೆ ಗುರ್ ಎಂದು ಸುಮ್ಮನಾಯಿತು.

ಅದನ್ನು ತಂದವರು ಅಜ್ಜಿಯ ಮಗ, ನನ್ನ ಸೋದರಮಾವ. "ಮಿಷನ್ ಸತ್ರೂ ಸುರುಳಿ ಸತ್ತಿಲ್ಲ. ನಿಶ್ಚಯದ ದಿನ ಬೇರೆ ಮಿಷನ್ ತರ್ತೀನಿ, ಬೀಗ್ರಿಗೆ ಅವ್ವನ ಪದ ಕೇಳ್ಸಾಣ," ಅಂದರು.

ಸುರುಳಿಯ ಒಂದು ಮಗ್ಗುಲಲ್ಲಿ ಅಜ್ಜಿಯ ಸೋಬಾನೆ ಪದಗಳಿದ್ದವು. ಇನ್ನೊಂದು ಮಗ್ಗುಲಲ್ಲಿ ನಾನಿದ್ದೆ. ಹಿರಿಯೂರಿನಿಂದ ಹೆಣ್ಣು ನೋಡಲು ಬಂದಿದ್ದ ಹುಡುಗನ ತಾಯಿ ಬಸ್ ಹತ್ತಿದ ಅರ್ಧ ಗಂಟೆಗೇ ಮೈಕಿನ ಮುಂದೆ ಕೂತು ಅವರನ್ನು ಅಣಕಿಸಿದ್ದೆ: "ಕಾಫಿ ಬ್ಯಾಡ, ಬ್ಯಾಡಮ್ಮ, ಬ್ಯಾಡ ಅಂದ್ನಲ್ಲ... ಅರ್ಧ ಲೋಟ ಕೊಡ್ರಿ. ತುಂಬಾ ಕೊಟ್ರೂ ಪರ್ವಾಗಿಲ್ಲ." ಹುಡುಗ ನನಗೆ ಇಷ್ಟವಾಗಿದ್ದ, ಬಹಳವೇ ಇಷ್ಟವಾಗಿದ್ದ. ಮಗ್ಗುಲು ತಪ್ಪಿ ಇದು ಅವರ ಕಿವಿಗೆ ಬಿದ್ದರೆ ಸಂಬಂಧ ಮುರಿದುಬೀಳುತ್ತಿತ್ತು. ಅಳಿಸೋಣವೆಂದರೆ ಮಿಷನ್ ಕಾಯಿನೀರು ಕುಡಿದು ಮಲಗಿತ್ತು.

ಮಾರನೆಯ ದಿನ ಬಳೆ ತರುವ ನೆಪ ಹೇಳಿ, ಸುರುಳಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಹೊಳಲ್ಕೆರೆ ಬಸ್ ಹತ್ತಿದೆ. ಬಸ್ ಸ್ಟ್ಯಾಂಡಿನ ಎದುರು ಮದುವೆಗಳಿಗೆ ಮೈಕ್ ಸೆಟ್ ಬಾಡಿಗೆ ಕೊಡುವ ಅಂಗಡಿಯಲ್ಲೊಂದು ಟೇಪ್ ರೆಕಾರ್ಡರ್ ಇತ್ತು. ಅಂಗಡಿಯವನು ಹೇಳಿದ: "ಹಳೇದರ ಮ್ಯಾಲೆ ಹೊಸದು ತುಂಬಿದ್ರೆ ಅಳಿಸೋಗ್ತೈತೆ. ಆದ್ರೆ ಮೊದ್ಲು ಹಾಕಿ ಕೇಳಾದು ಕಷ್ಟ ಕಣಮ್ಮ. ಒಳಗಿನ ಸ್ಪೀಕರ್ ಸುಟ್ಟೋಗೈತೆ, ಬರೀ ಮ್ಯಾಲಿನ ಹಾರ್ನ್ ಐತೆ. ಬಸ್ ಸ್ಟ್ಯಾಂಡಿಗೆಲ್ಲ ಕೇಳ್ತೈತೆ. ಹಾಕ್ಲಾ?"

"ಬ್ಯಾಡ, ಬ್ಯಾಡಣ್ಣ, ಬ್ಯಾಡ ಅಂದ್ನಲ್ಲ!" ಅಂದೆ. ಅದು ಯಾರ ಧಾಟಿ ಎಂದು ಹೊಳೆದು ಅಲ್ಲೇ ನಗು ಉಕ್ಕಿತು.

ಕೇಳದೆ ಗುರುತು ಹಿಡಿಯಲು ಕುಂಕುಮವೇ ಗತಿ. ಪದಗಳಿರುವ ಮಗ್ಗುಲನ್ನು ಯಾರೂ ಅಳಿಸದಿರಲೆಂದು ಮಾವ ಅದಕ್ಕೆ ಸಣ್ಣದೊಂದು ಬೊಟ್ಟು ಇಟ್ಟಿದ್ದರು. ತಿರುಗಿಸಿ ನೋಡಿದರೆ ಎರಡೂ ಕಡೆ ಕುಂಕುಮ! ಒಂದು ಚಿಕ್ಕದು, ಒಂದು ದೊಡ್ಡದು. ಪೂಜೆಯಲ್ಲಿ ಅಜ್ಜಿಯ ಕೈ ಧಾರಾಳ. ಹಾಗಾಗಿ ದೊಡ್ಡದು ಪೂಜೆಯದು, ಅದೇ ನನ್ನ ಮಗ್ಗುಲು ಎಂದು ತೀರ್ಮಾನಿಸಿ ನನ್ನ ಬೆನ್ನು ನಾನೇ ತಟ್ಟಿಕೊಂಡೆ. ದೊಡ್ಡ ಬೊಟ್ಟಿನ ಕಡೆ ಹಾಕಿಸಿ, ಮೈಕ್ ಹಿಡಿದು, ಬರೀ ಮೌನ ತುಂಬಲೆಂದು ತುಟಿ ಬಿಗಿದು ಅರ್ಧ ಗಂಟೆ ಕೂತೆ. ಬಳೆ ಮರೆತೇ ಹೋಯಿತು. ತಾಳ್ಯದವರೆಗೂ ಬಸ್ಸಿನಲ್ಲಿ ಒಬ್ಬಳೇ ನಗುತ್ತಾ ಬಂದೆ.

ನಿಶ್ಚಯದ ದಿನ ನಡುಮನೆ ತುಂಬಿತ್ತು. ಮಾವ ಗುಂಡಿ ಒತ್ತಿದರು.

"ಹೊಸದುರ್ಗ, ಹೊಸದುರ್ಗ! ಹಿಂದ್ಕೆ ಹೋಗ್ರಿ, ಸೀಟ್ ಅವೆ!"

ಅದು ಹೊಳಲ್ಕೆರೆಯ ಕಂಡಕ್ಟರ್. ನಾನು ಹಿಡಿದಿದ್ದ ಮೈಕಿಗೆ ಇಡೀ ಬಸ್ ಸ್ಟ್ಯಾಂಡ್ ಕೇಳಿಸಿತ್ತು. "ಇದು ನನ್ ದನಿ ಅಲ್ಲಪ್ಪ," ಅಂದಳು ಅಜ್ಜಿ.

ಮಾವ ಸುರುಳಿ ತೆಗೆದು ನೋಡಿದರು. "ಅವ್ವ, ಎರ್ಡೂ ಕಡೆ ಕುಂಕುಮ ಇಟ್ಟೀಯಾ?"

"ಇಡ್ದೆ ಬಿಡಕ್ಕಾಗ್ತೈತಾ? ಆ ಕಡೆ ಒಂದ್ ಚಿಕ್ಕದಿಟ್ಟೆ. ಈ ಕಡೆ ನೀನಿಟ್ಟಿದ್ದು ಕಾಣ್ತಾನೇ ಇರ್ಲಿಲ್ಲ, ಅದ್ರ ಮ್ಯಾಲೆ ದೊಡ್ಡದಾಗಿ ಬಳಿದೆ."

ಅಜ್ಜಿಯ ಪದಗಳನ್ನೇ ಅಳಿಸಿ ಬಂದಿದ್ದೆ ನಾನು. ಬಾಯಿ ತೆರೆಯುವಷ್ಟರಲ್ಲಿ ಮಾವ ಸುರುಳಿ ಮಗುಚಿ ಹಾಕಿದರು. "ಕಾಫಿ ಬ್ಯಾಡ, ಬ್ಯಾಡಮ್ಮ..."

ಮನೆಯವರೆಲ್ಲ ನೆಲ ನೋಡಿದರು. ಹುಡುಗ ಶಲ್ಯದಿಂದ ಬಾಯಿ ಮುಚ್ಚಿಕೊಂಡ. ಅವನ ತಾಯಿ ಮಾತ್ರ ತೊಡೆ ತಟ್ಟಿಕೊಂಡು ಕಣ್ಣಲ್ಲಿ ನೀರು ಬರುವಂತೆ ನಕ್ಕರು. "ಅಯ್ಯೋ, ನಮ್ ನಾದಿನಿ! ಥೇಟ್ ಅವ್ಳೇ! ಇನ್ನೊಂದ್ಸಲ ಹಾಕ್ರಿ!" ಎಂದೂ ತಮ್ಮ ದನಿಯನ್ನು ಹೊರಗಿನಿಂದ ಕೇಳದವರಿಗೆ ಗುರುತು ಸಿಗುವುದಾದರೂ ಹೇಗೆ? ಮೂರು ಸಲ ಹಾಕಿಸಿದರು. ಆಮೇಲೆ ಅಜ್ಜಿಯೇ ಕೂತು ಎಲ್ಲ ಪದಗಳನ್ನೂ ಹಾಡಿದಳು. ಮಾವ ಕಂಡಕ್ಟರನ ಮೇಲೆ ಅವನ್ನು ಮತ್ತೆ ತುಂಬಿಕೊಂಡರು. ನನಗೆ ಹೋದ ಜೀವ ಬಂದಂತಾಯಿತು.

ಮದುವೆಯಾಗಿ ಹಿರಿಯೂರಿಗೆ ಹೋದ ವಾರಕ್ಕೇ ಆ ನಾದಿನಿ ಬಂದರು. ಅತ್ತೆ ನನ್ನನ್ನು ಎಳೆದು ಮುಂದೆ ನಿಲ್ಲಿಸಿದರು. "ಇವ್ಳಂಗೆ ಮಾಡಿ ತೋರ್ಸಮ್ಮ." ಬೇರೆ ದಾರಿಯಿಲ್ಲದೆ ಮಾಡಿದೆ.

ನಾದಿನಿ ತಣ್ಣಗೆ ಅಂದರು: "ಅತ್ಗೆ, ಇದು ನೀನೇ."

ಅತ್ತೆ ನನ್ನನ್ನೇ ದಿಟ್ಟಿಸಿದರು. "ನಾನಾ?" ಅಂದರು. ನಾನು ತಲೆ ತಗ್ಗಿಸಿದೆ. ಅತ್ತೆ ಸೆರಗು ಸರಿಮಾಡಿಕೊಂಡು, "ಹಂಗಾದ್ರೆ ಸರಿಯಾಗಿ ಮಾಡು. ಅರ್ಧ ಲೋಟ ಅನ್ನೋಕ್ ಮುಂಚೆ ನಾನು ಒಂಚೂರು ಕೆಮ್ತೀನಿ," ಅಂದರು.

ಕೆಮ್ಮು ಸೇರಿಸಿ ಮೊದಲಿಂದ ಮಾಡಿದೆ.