ಬೆರಳು ತೋರದ ಹಲಗೆ

ಜಪಾನಿನ ಪಡುವಣ ಕಡಲಂಚಿನ ನಮ್ಮ ಇಸೊಜಾಕಿಯಲ್ಲಿ ಕುರೆಬಯಾಶಿ ತಮೋತ್ಸು ಅವರನ್ನು ಅರಿಯದವರಿಲ್ಲ. ಅಣುವಿದ್ಯುತ್ ಸ್ಥಾವರದ ನಿಯಂತ್ರಣ ಕೊಠಡಿಯಲ್ಲಿ ತಲೆ ನರೆಯುವವರೆಗೆ ದುಡಿದು ಪಾಳಿಯ ಹಿರಿಯರಾದವರು ಅವರು. ಯಾವ ಗುಂಡಿಯನ್ನು ಒತ್ತಿದರೂ, ಯಾವ ಮಾಪಕದ ಮುಳ್ಳನ್ನು ಓದಿದರೂ ಮೊದಲು ಅದರತ್ತ ತೋರುಬೆರಳು ಚಾಚಿ, ‘ಸರಿ’ ಎಂದು ಬಾಯಿಬಿಟ್ಟು ನುಡಿದು, ಅನಂತರವೇ ಮುಂದಿನ ಕೆಲಸಕ್ಕೆ ಕೈಯಿಕ್ಕುತ್ತಿದ್ದರು. ಕಣ್ತಪ್ಪಾಗದಿರಲೆಂದು ಸ್ಥಾವರದಲ್ಲಿ ಎಲ್ಲರಿಗೂ ಕಲಿಸುವ ಪಾಠವೇ ಇದು. ಉಳಿದವರು ಅದನ್ನು ಗೇಟಿನಲ್ಲೇ ಬಿಟ್ಟು ಮನೆಗೆ ಹೋಗುತ್ತಿದ್ದರು. ಇವರಿಂದ ಅದು ಸಾಧ್ಯವಾಗಲಿಲ್ಲ. ಮನೆಯಲ್ಲಿ ಒಲೆಯ ತಿರುಗಣೆಗೂ ಬಾಗಿಲ ಚಿಲಕಕ್ಕೂ ಬೆರಳು ತೋರಿ ‘ಸರಿ’ ಎನ್ನುತ್ತಿದ್ದರು. ಹೆಣ್ಣು ನೋಡಲು ಬಂದ ದಿನ ತನಗೂ ಹಾಗೆಯೇ ಬೆರಳು ತೋರಿದ್ದರೆಂದು ಹೆಂಡತಿ ಕಿನುಯೆ ನೆರೆಹೊರೆಯವರನ್ನು ನಗಿಸುತ್ತಿದ್ದರು.

ಇಂಥವರು ಬೆರಳು ತೋರದ ವಸ್ತು ನಿಯಂತ್ರಣ ಕೊಠಡಿಯಲ್ಲಿ ಒಂದೇ ಒಂದಿತ್ತು. ಅದು ಗೋಡೆಯ ಮೇಲ್ಭಾಗದಲ್ಲಿದ್ದ ದೇವರ ಹಲಗೆ. ಬಿಳಿಮರದ ಪುಟ್ಟ ಗುಡಿ, ಅದರ ಮುಂದೆ ಅಕ್ಕಿ, ಉಪ್ಪು, ನೀರು. ಇಕ್ಕೆಲದ ಹೂದಾನಿಗಳಲ್ಲಿ ಸಕಾಕಿ ಮರದ ಹಸಿರು ಟೊಂಗೆಗಳು. ಸ್ಥಾವರ ಆರಂಭವಾದ ಕಾಲದಲ್ಲಿ ಅವರಿಗೆ ಕೆಲಸ ಕಲಿಸಿದ ಹಿರಿಯರು ಅದನ್ನು ಸ್ಥಾಪಿಸಿ, ನಿವೃತ್ತರಾಗುವಾಗ ಇವರ ಕೈಗೊಪ್ಪಿಸಿದ್ದರು. ಪಾಳಿಗೆ ಬಂದೊಡನೆ ನೀರು ಬದಲಿಸಿ, ಎರಡು ಸಲ ಬಾಗಿ, ಎರಡು ಸಲ ಕೈ ತಟ್ಟಿ, ಮತ್ತೊಮ್ಮೆ ಬಾಗುವುದು ಇವರ ನಿತ್ಯನೇಮವಾಗಿತ್ತು. ದೇವರತ್ತ ಬೆರಳು ಚಾಚುವುದು ಅವಿನಯ. ಆದ್ದರಿಂದ ಆ ಹಲಗೆಯನ್ನು ಪೂಜಿಸಿದವರುಂಟು, ಪರೀಕ್ಷಿಸಿದವರಿಲ್ಲ.

ಅವರ ಸೇವೆಯ ಕೊನೆಯ ಶರದೃತುವಿನಲ್ಲಿ ಸರ್ಕಾರದ ದೊಡ್ಡ ತಪಾಸಣೆ ಬಂತು. ಬರುತ್ತಿದ್ದವರು ಶಿರಾಕುರಾ ಎಂಬ ಅಧಿಕಾರಿಣಿ. ಬೇರೊಂದು ಸ್ಥಾವರದಲ್ಲಿ ಗೋಡೆಗೆ ನೇತುಹಾಕಿದ್ದ ಕ್ಯಾಲೆಂಡರನ್ನೂ ಬಿಡದೆ ತೆಗೆಸಿದರೆಂಬ ಸುದ್ದಿ ಅವರಿಗಿಂತ ಮುಂಚೆಯೇ ಬಂದಿತ್ತು. ಕಾಗದವನ್ನೇ ಬಿಡದವರು ಮರದ ಗುಡಿಯನ್ನು ಬಿಟ್ಟಾರೆಯೇ? ಪಾಳಿಯಲ್ಲಿ ಕುರೆಬಯಾಶಿಯವರ ನಂತರದವನಾದ ಮಿನೊವಾ ಉಪಾಯವೊಂದನ್ನು ಹೂಡಿದ.

“ಎರಡೇ ದಿನ, ಕುರೆಬಯಾಶಿಸಾನ್. ಬಟ್ಟೆ ಸುತ್ತಿ ನನ್ನ ಲಾಕರ್‌ನಲ್ಲಿ ಇಟ್ಬಿಡ್ತೀನಿ. ಅವ್ರು ಹೋದ್ಮೇಲೆ ಮೊದಲಿನ ಹಾಗೇ.”

“ನಿನ್ನ ಬೂಟಿನ ವಾಸನೆಗೆ ನಾನೇ ಆ ಕಡೆ ಸುಳಿಯಲ್ಲ. ಅಲ್ಲಿ ದೇವರನ್ನ ಕೂರಿಸ್ತೀಯಾ?”

“ಬೂಟನ್ನ ಹೊರಗಿಡ್ತೀನಿ.”

“ಬೇಡಪ್ಪ. ಬಚ್ಚಿಟ್ರೆ ತಪ್ಪು ಮಾಡಿದೀವಿ ಅಂತ ನಾವೇ ಹೇಳ್ದಂಗಾಗುತ್ತೆ. ಇದ್ದಲ್ಲೇ ಇರ್ಲಿ.”

ಬಾಯಲ್ಲಿ ಹಾಗೆಂದರೂ ಅವರಿಗೆ ಒಳಗೆ ಅಳುಕಿತ್ತು. ಗುರು ಒಪ್ಪಿಸಿದ ದೇವರು ತಮ್ಮ ಕಾಲದಲ್ಲೇ, ಅದೂ ನಿವೃತ್ತಿಯ ಹೊಸ್ತಿಲಲ್ಲಿ, ಗೋಡೆಯಿಂದ ಇಳಿಯುವಂತಾದರೆ ಆ ಹಿರಿಯರ ಸಮಾಧಿಯ ಮುಂದೆ ಯಾವ ಮುಖ ಹೊತ್ತು ನಿಲ್ಲುವುದು? ಆ ರಾತ್ರಿ ಊಟಕ್ಕೆ ಕುಳಿತಾಗ ಅವರು ಯಾವುದಕ್ಕೂ ಬೆರಳು ತೋರದಿದ್ದುದನ್ನು ಕಂಡು ಕಿನುಯೆ ಜ್ವರವೇ ಎಂದು ಹಣೆ ಮುಟ್ಟಿ ನೋಡಿದರು.

ಶಿರಾಕುರಾ ಬಂದರು. ಕೆಳಗಿನ ಮಹಡಿಯಲ್ಲಿ ಬೆಂಕಿತಡೆಯ ಬಾಗಿಲೊಂದು ಮುಚ್ಚದಂತೆ ಯಾರೋ ಮರದ ಚಕ್ಕೆ ಸಿಕ್ಕಿಸಿದ್ದುದನ್ನು ಕಂಡುಹಿಡಿದರು; ಕಟ್ಟದೆ ಒರಗಿಸಿದ್ದ ಏಣಿಯನ್ನು ಕಂಡುಹಿಡಿದರು. ಎರಡನ್ನೂ ನಿಯಮಭಂಗವೆಂದು ದಾಖಲಿಸಿ ಮೇಲೆ ಬಂದವರು ಹಲಗೆಯ ಮುಂದೆ ನಿಂತು, ಎರಡು ಸಲ ಬಾಗಿ, ಎರಡು ಸಲ ಕೈ ತಟ್ಟಿ, ಮತ್ತೆ ಬಾಗಿದರು. ಕೊಠಡಿಯಲ್ಲಿ ಎಲ್ಲರ ಉಸಿರೂ ಸಡಿಲವಾಯಿತು. ಆಗ ಅವರು ಹಿಂತಿರುಗಿ ಮೃದುವಾಗಿ ಕೇಳಿದರು:

“ತುಂಬಾ ಚೆನ್ನಾಗಿ ನೋಡ್ಕೊಂಡಿದೀರಿ. ಇದನ್ನ ಗೋಡೆಗೆ ಹೇಗೆ ಕೂರಿಸಿದೀರಿ?”

ಅಷ್ಟು ಕಾಲ ಅದರ ಮುಂದೆ ತಲೆಬಾಗಿದ ಕುರೆಬಯಾಶಿಯವರು ಒಮ್ಮೆಯೂ ಅದರ ಅಡಿಯತ್ತ ತಲೆಯೆತ್ತಿರಲಿಲ್ಲ. ಮಿನೊವಾ ತಂದಿಟ್ಟ ಸ್ಟೂಲನ್ನೇರಿ ಶಿರಾಕುರಾ ನೋಡಿದರು: ಒಂದು ಕಡೆಯ ಆಧಾರಕ್ಕೆ ತಿರುಪೇ ಇಲ್ಲ, ಮತ್ತೊಂದು ಕಡೆಯದನ್ನು ಒಣಗಿದ ಅಂಟುಪಟ್ಟಿ ಹೇಗೋ ಹಿಡಿದಿತ್ತು. ಅವರು ಹಲಗೆಯ ಅಂಚನ್ನು ಮೆಲ್ಲನೆ ಒತ್ತಿದರು. ಹಲಗೆ ವಾಲಿತು, ಹೂದಾನಿ ತೂಗಾಡಿತು, ಕೆಳಗಿನ ಉಕ್ಕಿನ ಪೆಟ್ಟಿಗೆಯ ನೆತ್ತಿಯ ಮೇಲೆ ಒಂದೆರಡು ಹನಿ ಬಿದ್ದವು.

“ಭೂಕಂಪದಲ್ಲಿ ಹೊರಗಿನ ಕರೆಂಟ್ ಹೋದ್ರೆ, ಡೀಸೆಲ್ ಯಂತ್ರ ಶುರು ಮಾಡ್ಬೇಕಾಗಿರೋದು ಈ ಪೆಟ್ಟಿಗೆಯಿಂದಲೇ ಅಲ್ವಾ? ಅದೇ ಹೊತ್ತಿಗೆ ಈ ನೀರು ಬೀಳೋದೂ ಇದರ ಮೇಲೇ. ಇಲ್ಲಿಂದ ಇಳಿಸ್ಬೇಕಾಗುತ್ತೆ, ಕ್ಷಮಿಸಿ.”

ಕುರೆಬಯಾಶಿಯವರು ತೋಳಂಚಿನಿಂದ ಆ ಹನಿಗಳನ್ನು ಒರೆಸಿ, ದೇವರಿಗೆ ಬಾಗುವಷ್ಟೇ ಆಳವಾಗಿ ಆ ಅಧಿಕಾರಿಣಿಗೆ ಬಾಗಿದರು.

“ಇಷ್ಟು ವರ್ಷ ಇದರ ಕೆಳಗೆ ನಿಂತು ನಮ್ಮನ್ನ ಕಾಪಾಡು ಅಂತ ಬೇಡ್ಕೊಂಡೆ. ಇದನ್ನ ಬೀಳದ ಹಾಗೆ ಕಾಪಾಡ್ಬೇಕಾದವನು ನಾನೇ ಅನ್ನೋದು ಹೊಳೀಲೇ ಇಲ್ಲ.”

ಶಿರಾಕುರಾ ಹೊರಟ ಮೇಲೆ ಮಿನೊವಾ ಗೊಣಗಿದ: ತನ್ನ ಲಾಕರ್‌ನಲ್ಲಿಟ್ಟಿದ್ದರೆ ಉಳಿಯುತ್ತಿತ್ತಲ್ಲ ಎಂದು. “ಇವತ್ತು ಉಳೀತಿತ್ತು,” ಎಂದರು ಕುರೆಬಯಾಶಿ, “ಒಂದಿನ ನಿನ್ನ ತಲೆ ಮೇಲೇ ಬೀಳ್ತಿತ್ತು. ತಲೆ ಹೋದ್ರೆ ಹೋಗ್ಲಿ, ಪೆಟ್ಟಿಗೆ ಹೋಗ್ತಿತ್ತಲ್ಲ.”

ಊರಿನ ಗುಡಿಯ ಅರ್ಚಕರನ್ನು ಕರೆಸಿ ವಿಧಿಪೂರ್ವಕವಾಗಿ ಹಲಗೆಯನ್ನು ಇಳಿಸಿದರು. ಅದಕ್ಕೆ ದೊರೆತ ಹೊಸ ನೆಲೆ, ಎಲ್ಲರೂ ಪಾದರಕ್ಷೆ ಬದಲಿಸಿ ಒಳನಡೆಯುವ ಮೊಗಸಾಲೆಯ ಗೋಡೆ. ಅಲ್ಲಿ ಯಂತ್ರವಿಲ್ಲ, ತಂತಿಯಿಲ್ಲ. ನಾಲ್ಕು ದಪ್ಪ ತಿರುಪುಗಳಿಗೆ ಅನುಮತಿಯೂ ದೊರೆಯಿತು. ಅದುವರೆಗೆ ನಿಯಂತ್ರಣ ಕೊಠಡಿಯ ಕೆಲವರಿಗಷ್ಟೇ ದರ್ಶನವೀಯುತ್ತಿದ್ದ ದೇವರ ಮುಂದೆ ಈಗ ನೆಲ ಒರೆಸುವ ಹೆಂಗಸರೂ ಬೆಸುಗೆಯವರೂ ಗೇಟಿನ ಕಾವಲಿನವರೂ ಕೈ ತಟ್ಟತೊಡಗಿದರು. ಗುರುವಿನ ಸಮಾಧಿಗೆ ಹೋದ ಕುರೆಬಯಾಶಿಯವರು ನಡೆದುದನ್ನೆಲ್ಲ ಅರಿಕೆಮಾಡಿ, ಹಗುರಾಗಿ ಮರಳಿ, ಊಟದ ಬಟ್ಟಲಿಗೆ ಬೆರಳು ತೋರಿ ‘ಸರಿ’ ಎಂದರು. ಜ್ವರ ಬಿಟ್ಟಿತೆಂದರು ಕಿನುಯೆ.

ಉಳಿದ ತೊಡಕು ಒಂದೇ. ಹಲಗೆಯನ್ನು ದಿನವೂ ಪರೀಕ್ಷಿಸಬೇಕು, ಬೆರಳು ತೋರಬಾರದು. ಕುರೆಬಯಾಶಿಯವರೇ ಒಂದು ದಾರಿ ಕಂಡುಕೊಂಡರು. ಅತಿಥಿಗೆ ಆಸನ ತೋರುವಾಗಿನಂತೆ ಅಂಗೈಯನ್ನು ಮೇಲ್ಮುಖವಾಗಿ ತೆರೆದು ಹಲಗೆಯತ್ತ ಚಾಚಿ, ‘ತಿರುಪು ಸರಿ’ ಎಂದು ತಗ್ಗಿದ ದನಿಯಲ್ಲಿ ನುಡಿದು, ಆಮೇಲೆ ಎರಡು ಸಲ ಬಾಗಿದರು.

ಮರುವಸಂತದಲ್ಲಿ ಅವರು ನಿವೃತ್ತರಾದರು. ಈಗ ಸಕಾಕಿಯ ಟೊಂಗೆ ಬದಲಿಸುವವನು ಮಿನೊವಾ. ಹೊಸದಾಗಿ ಸೇರಿದವರು ಅವನನ್ನು ನೋಡಿ ತಾವೂ ಅಂಗೈ ಚಾಚಿ ‘ತಿರುಪು ಸರಿ’ ಎನ್ನುತ್ತಾರೆ. ಅದು ಪೂಜೆಯದೇ ಮೊದಲ ಅಂಗವೆಂದು ನಂಬಿದ್ದಾರೆ. ಅಲ್ಲವೆಂದು ಮಿನೊವಾ ಯಾರಿಗೂ ಹೇಳಿಲ್ಲ.