ಮರದ ಮೇಲೆ ಉಳಿದ ಅಸ್ಸಾಫ್

ನಮ್ಮ ಅಸ್ಸಾಫನಂಥ ಹಟಮಾರಿಯನ್ನು ಜೆಜ್ಜೀನಿನ ಈ ಬೆಟ್ಟಗಳಲ್ಲೆಲ್ಲೂ ನಾನು ಕಂಡಿಲ್ಲ. ಒಳಗಿನ ಬೀಜ ಮಾರಲು ಪೈನ್ ಕಾಯಿ ಕೆಡವುವುದೇ ಅವನ ಬದುಕು. ಒಂದು ಮರ ಹತ್ತಿದನೆಂದರೆ ಇಳಿಯುವ ಮಾತಿಲ್ಲ. ಕೊಕ್ಕೆಗೋಲಿನಿಂದ ಪಕ್ಕದ ಮರದ ಕೊಂಬೆ ಎಳೆದುಕೊಂಡು ದಾಟುತ್ತಾ, ರೊಟ್ಟಿ ತಿನ್ನಲಷ್ಟೇ ನೆಲ ಮುಟ್ಟುತ್ತಿದ್ದ. ನೆಲದ ಮೇಲೆ ಅವನಿಗೆ ಯಾರೊಂದಿಗೂ ಸರಿಹೋಗುತ್ತಿರಲಿಲ್ಲ.

ತಮ್ಮ ಶಾಹೀನನ ಜೊತೆ ಮಾತು ಬಿಟ್ಟಿದ್ದೂ ಒಂದು ಮರಕ್ಕಾಗಿಯೇ. ಇಬ್ಬರ ತೋಪುಗಳ ಗಡಿಯಲ್ಲಿ ಅಸ್ಸಾಫನ ಪಾಲಿನ ದೊಡ್ಡ ಪೈನ್ ಮರಕ್ಕೆ ತೊಗಟೆ ಹುಳ ಬಿತ್ತು. ಗೋಧಿಕಾಳಿಗಿಂತ ಚಿಕ್ಕ ದುಂಬಿ ಅದು. ತೊಗಟೆಯಡಿ ಮೊಟ್ಟೆಯಿಡುತ್ತದೆ, ಮರಿಗಳು ರೆಕ್ಕೆ ಬಂದೊಡನೆ ಹಾರಿ ಸುತ್ತಲಿನ ಮರಗಳ ಎಳೆ ಕುಡಿ ಕೊರೆಯುತ್ತವೆ. ಹಾರುವ ಮೊದಲೇ ಮರ ಕಡಿದು ತೊಗಟೆ ಸುಡಬೇಕು. ಕಡಿ ಎಂದು ಶಾಹೀನ್ ಎಷ್ಟು ಬೇಡಿಕೊಂಡನೆಂದರೆ, ಅಣ್ಣನ ಕಾಲು ಹಿಡಿಯುವುದೊಂದು ಬಾಕಿ.

"ಹಸಿರಾಗಿರೋ ಮರ ಕಡಿಯೋಕೆ ನನಗೇನು ತಲೆ ಕೆಟ್ಟಿದ್ಯಾ?" ಎಂದ ಅಸ್ಸಾಫ್. ಮರುವರ್ಷ ಅದು ಅರ್ಧ ಒಣಗಿತು. ಆಗಲೂ ಕಡಿಯಲಿಲ್ಲ. ಕಡಿದರೆ ತಮ್ಮ ಗೆದ್ದಂತಾಗುತ್ತದಲ್ಲ.

ಈ ಸಲ ಕಾಯಿ ಕೆಡವುವ ಮೊದಲ ದಿನವೇ, ಒಂದು ಗೊಂಚಲಿನ ಆಸೆಗೆ ಅದೇ ಮರಕ್ಕೆ ದಾಟಿದ. ಕಾಲಿಟ್ಟ ಕೊಂಬೆ ಲಟಕ್ಕನೆ ಮುರಿಯಿತು, ಕೊಕ್ಕೆಗೋಲು ಕೆಳಗೆ ಬಿತ್ತು. ಕವಲೊಂದನ್ನು ತಬ್ಬಿಕೊಂಡು ಕೂತ. ಹಿಂದಕ್ಕೆ ದಾಟಲು ಕೋಲಿಲ್ಲ. ಇಳಿಯಲು ಬರೀ ಬೋಳು ಕಾಂಡ. ನಮ್ಮ ಏಣಿ ಅರ್ಧಕ್ಕೂ ಸಾಲದು.

ಕೆಳಗೆ ಕಾಯಿ ಆಯುತ್ತಿದ್ದ ನಾನು, "ಶಾಹೀನನ್ನ ಕರೀತೀನಿ" ಎಂದೆ.

"ಕರೆದ್ರೆ ನೋಡು. ಇಲ್ಲೇ ಸಾಯ್ತೀನಿ."

"ಸಾಯಿ. ಹೊತ್ತು ಮುಳುಗೋದ್ರೊಳಗೆ ಮುಗಿಸು, ನನಗೆ ಮನೇಲಿ ಕೆಲ್ಸ ಇದೆ."

ಊರಲ್ಲಿ ಅಷ್ಟೆತ್ತರ ಹತ್ತಬಲ್ಲವನು ಇನ್ನೊಬ್ಬ ಶಾಹೀನನೇ. ಹೇಳಿಕಳಿಸಿದೆ. ಪೇಟೆಗೆ ಹೋಗಿದ್ದವನು ಬರುವಷ್ಟರಲ್ಲಿ ಮಧ್ಯಾಹ್ನ ಕಳೆದಿತ್ತು. ಅಸ್ಸಾಫನ ಕಾಲು ಜೋಮು ಹಿಡಿದಿತ್ತು, ಬೈಗುಳವೂ ನಿಂತಿತ್ತು. ನನಗೆ ನಿಜಕ್ಕೂ ಹೆದರಿಕೆಯಾಯಿತು. ಶಾಹೀನ್ ತನ್ನ ಉದ್ದದ ಏಣಿ ಒರಗಿಸಿ ಹತ್ತತೊಡಗಿದಂತೆ ಮರವೇ ಕರಕರ ಅಂದಿತು.

"ಇಳಿಯೋ. ಈ ಮರ ಇಬ್ಬರನ್ನ ತಾಳಲ್ಲ" ಎಂದು ಮೇಲಿನಿಂದ ಕೂಗಿದ ಅಸ್ಸಾಫ್.

"ಮೂರು ವರ್ಷದಿಂದ ಬಡ್ಕೋತಿದ್ದೀನಲ್ಲ ಅಣ್ಣಾ, ಇದು ಸತ್ತ ಮರ ಅಂತ. ಬಾಯ್ಮುಚ್ಚಿ ಹಗ್ಗ ಹಿಡಿ."

ಏಣಿಯ ತುದಿಯಿಂದಲೇ ಹಗ್ಗ ಎಸೆದು ಹೇಗೋ ಇಳಿಸಿಕೊಂಡ. ಅಸ್ಸಾಫನ ಅಂಗೈ ಸುಲಿದುಹೋಗಿತ್ತು. ಶಾಹೀನ್ ನೀರು ಕುಡಿಸಿದ, ಹೆಗಲು ತಟ್ಟಿದ. ಅಬ್ಬಾ, ಅಣ್ಣತಮ್ಮಂದಿರು ಒಂದಾದರಲ್ಲ ಎಂದು ನನ್ನ ಹೊಟ್ಟೆಗೆ ಹಾಲು ಹೊಯ್ದಂತಾಯಿತು.

"ಹೋಗ್ಲಿ ಬಿಡು, ಇವತ್ತೇ ಕಡಿಯೋಣ" ಎಂದ ಶಾಹೀನ್. "ದೇವರ ದಯೆ, ನನ್ನ ಮರಗಳಿಗೆ ಇನ್ನೂ ತಗುಲಿಲ್ಲ." ಅವನ ಮನೆ ನಡೆಯುವುದು, ಮಗಳು ಓದುವುದು ಎಲ್ಲಾ ಆ ತೋಪಿನಿಂದಲೇ. ಈ ಸಲ ಅವನಿನ್ನೂ ಅಲ್ಲಿ ಮರ ಹತ್ತಿರಲಿಲ್ಲ.

ಅಸ್ಸಾಫ್ ತಲೆಯೆತ್ತಲಿಲ್ಲ. ಆ ಕವಲಿನಲ್ಲಿ ಸಿಕ್ಕಿಕೊಂಡಿದ್ದಷ್ಟು ಹೊತ್ತೂ ಅವನ ಕಣ್ಣೆದುರಿಗಿದ್ದದ್ದು ತಮ್ಮನ ತೋಪಿನ ಮರಗಳ ನೆತ್ತಿ. ಅದು ಕೆಳಗಿನಿಂದ ಕಾಣುವುದಿಲ್ಲ.

"ನಿನ್ನ ಮರಗಳ ಕುಡಿ ಒಣಗಿ ಜೋತು ಬಿದ್ದಿವೆ ಕಣೋ. ಆ ತುದೀಲಿರೋ ನೀರಿನ ಬುಗ್ಗೆವರೆಗೂ."

"ಎಲ್ಲಾನಾ?"

"ಎಲ್ಲಾ. ನನ್ನಿಂದಾನೇ."

ಹಗ್ಗ ಸುತ್ತುತ್ತಿದ್ದ ಶಾಹೀನನ ಕೈ ನಿಂತಿತು. "ಹಾಗಾದ್ರೆ ಮೇಲೇ ಬಿಟ್ಟುಬಿಡ್ಬೇಕಿತ್ತು ನಿನ್ನ" ಎಂದವನೇ, ಏಣಿಯನ್ನೂ ತೆಗೆದುಕೊಳ್ಳದೆ ಹೊರಟುಹೋದ.